ಮೂರನೆಯ ವಿಷಲ್

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಓರಗಿತ್ತಿಯ ಅಡುಗೆಮನೆ, ತಂಗಿಯ ಉದ್ದ ಜಡೆ, ಎದುರು ಬ್ಲಾಕಿನವರ ಕಿಟಕಿಯಿಂದ ಕಾಣುವ ನೀರು, ಎಲ್ಲದರ ಮೇಲೂ ಒಂದೊಂದು ಸಲ ಪಟ್ಟಿದ್ದೇನೆ. ಎರಡು ದಿನಕ್ಕೆ ಇಳಿದುಹೋಗುತ್ತಿತ್ತು. ಒಬ್ಬಳ ಪಾಸ್‌ಪೋರ್ಟಿನ ಮೇಲೆ ಪಟ್ಟದ್ದು ಮಾತ್ರ ಇಳಿಯಲಿಲ್ಲ. ಅದನ್ನು ಬರೆಯುತ್ತೇನೆ. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ.

ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದವಳು ನಾನು. ಗಂಡನ ಕೆಲಸಕ್ಕೆಂದು ಸಿಂಗಾಪುರಕ್ಕೆ ಬಂದ ಮೇಲೆ, ಇಲ್ಲಿ ಇರಲು ಸರ್ಕಾರ ಕೊಡುವ ನನ್ನ ಪಾಸಿನ ಮೇಲೆ ‘ಡಿಪೆಂಡೆಂಟ್’ ಎಂದು ಬಿತ್ತು. ಆ ಪಾಸಿನವರು ಕೆಲಸ ಮಾಡಬೇಕಾದರೆ ಕೆಲಸ ಕೊಡುವವರು ಬೇರೆ ಪಾಸ್ ಮಾಡಿಸಿಕೊಡಬೇಕು. ನಲವತ್ತು ದಾಟಿದ ಗಣಿತದ ಮೇಡಂಗೆ ಯಾರೂ ಮಾಡಿಸಿಕೊಡಲಿಲ್ಲ. ಪುಂಗೋಲ್‌ನ ಮನೆಯಲ್ಲಿ ನನಗಿದ್ದದ್ದು ಇಬ್ಬರೇ ವಿದ್ಯಾರ್ಥಿಗಳು: ಹತ್ತು ವರ್ಷದ ಮಗಳು, ಮತ್ತು ಮೂರು ಬ್ಲಾಕ್ ಆಚೆಗಿದ್ದ ಗೆಳತಿ.

ಗೆಳತಿ ಉಡುಪಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಸೆಲೆಟಾರಿನಲ್ಲಿ ವಿಮಾನ ರಿಪೇರಿಯ ಕಂಪನಿಯೊಂದರಲ್ಲಿ ಇಂಜಿನಿಯರ್, ಇವಳು ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಟೀಚರ್. ಪ್ರತಿ ಭಾನುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ಬಂದು, “ಅಕ್ಕಾ, ಈ ವಾರ ಫ್ರಾಕ್ಷನ್ಸ್. ಹೇಗೆ ಸ್ಟಾರ್ಟ್ ಮಾಡ್ಲಿ?” ಎಂದು ನಮ್ಮ ಊಟದ ಮೇಜಿನ ಮುಂದೆ ಕೂರುತ್ತಿದ್ದಳು. ನಾನು ಹೇಳಿಕೊಡುತ್ತಿದ್ದೆ. ವಾರದಲ್ಲಿ ಆ ಒಂದೂವರೆ ಗಂಟೆ ನಾನು ಮತ್ತೆ ಮೇಡಂ ಆಗುತ್ತಿದ್ದೆ, ಹಾಗಾಗಿ ಬೇಜಾರೇನೂ ಇರಲಿಲ್ಲ.

ಅವಳಿಗೆ ಕೊಟ್ಟ ಪಾಠಗಳಲ್ಲಿ ಒಂದು ಮೆಟ್ಟಿಲಿನ ಪಾಠ. ಮಗುವನ್ನು ಮೆಟ್ಟಿಲ ಮೇಲೆ ನಿಲ್ಲಿಸಬೇಕು. ನಡುವಿನ ಮೆಟ್ಟಿಲು ಸೊನ್ನೆ, ಮೇಲಿನವು ಪ್ಲಸ್, ಕೆಳಗಿನವು ಮೈನಸ್. ಮೈನಸ್ ಎಂದಾಗಲೆಲ್ಲ ಮಗು ಹಿಂದಕ್ಕೆ ತಿರುಗಬೇಕು. ಎರಡು ಸಲ ತಿರುಗಿದರೆ ಮತ್ತೆ ಮೊದಲಿನ ದಿಕ್ಕೇ ಬರುತ್ತದಲ್ಲ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಏಕೆ ಎಂಬುದು ಮಗುವಿಗೆ ತನ್ನ ಕಾಲಿನಲ್ಲೇ ತಿಳಿಯುತ್ತದೆ. ಈ ಪಾಠ ಹೊಳೆಯಲು ನನಗೆ ಆರು ವರ್ಷ ಹಿಡಿದಿತ್ತು. ಅವಳಿಗೆ ಹೇಳಿಕೊಡಲು ಹತ್ತು ನಿಮಿಷ ಹಿಡಿಯಿತು.

ಆ ನೌಕರಿಯ ಸುದ್ದಿ ಮೊದಲು ಕಂಡದ್ದು ನನಗೇ. ಬೇರೆ ಬೇರೆ ದೇಶಗಳಲ್ಲಿ ಅಮೆರಿಕದ ಸೇನಾ ನೆಲೆಗಳಿವೆ, ಆ ನೆಲೆಗಳೊಳಗೆ ಸೈನಿಕರ ಮಕ್ಕಳಿಗೆಂದೇ ಶಾಲೆಗಳಿವೆ, ಗಣಿತದ ಟೀಚರುಗಳು ಬೇಕಾಗಿದ್ದಾರೆ ಎಂದಿತ್ತು. ಇರಲು ಮನೆಯ ವ್ಯವಸ್ಥೆ, ಸಾಮಾನು ಸಾಗಿಸುವುದು, ಎಲ್ಲ ಅವರದೇ. ನಾನು ಮಗಳನ್ನು ಶಾಲೆಗೆ ಬಿಟ್ಟು ಲೈಬ್ರರಿಯಲ್ಲಿ ಕೂತು ಒಂಬತ್ತು ದಿನ ಆ ಅರ್ಜಿ ತುಂಬಿದೆ. ಬಿ.ಎಸ್ಸಿ., ಬಿ.ಎಡ್. ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆ. ಹೆಡ್ ಮಾಸ್ಟರಿಗೆ ಫೋನ್ ಮಾಡಿ ಪತ್ರ ತರಿಸಿಕೊಂಡೆ. ಅಮೆರಿಕದ ಪೌರರಾಗಿರಬೇಕು ಎಂಬ ಸಾಲನ್ನು ಓದಿರಲಿಲ್ಲವೆಂದಲ್ಲ. ನಮ್ಮ ಊರಿನ ಅಭ್ಯಾಸ ನೋಡಿ, ಯಾವ ನಿಯಮವಿದ್ದರೂ ಜೊತೆಗೊಂದು ವಿನಂತಿ ಪತ್ರ ಇಟ್ಟರೆ ಯಾರೋ ಒಬ್ಬರು ಕನ್ನಡಕ ಸರಿಮಾಡಿಕೊಂಡು ‘ಪರಿಶೀಲಿಸೋಣ’ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡು ಪುಟದ ವಿನಂತಿಯನ್ನೂ ಬರೆದಿಟ್ಟಿದ್ದೆ. ಕೊನೆಯ ಪುಟದಲ್ಲಿ ನೀವು ಅಮೆರಿಕದ ಪೌರರೇ ಎಂಬ ಪ್ರಶ್ನೆಯ ಕೆಳಗೆ ಹೌದು, ಇಲ್ಲ ಎಂಬ ಎರಡೇ ಗುಂಡಿಗಳಿದ್ದವು. ‘ಇಲ್ಲ’ ಒತ್ತಿದೆ. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಬಂತು. ಪತ್ರ ಸೇರಿಸುವ ಜಾಗವೇ ಇರಲಿಲ್ಲ.

ಭಾನುವಾರ ಇದನ್ನೇ ತಮಾಷೆಯಾಗಿ ಗೆಳತಿಗೆ ಹೇಳಿದೆ. ಅವಳು ನಗಲಿಲ್ಲ. “ಅಕ್ಕಾ, ಆ ಪಾಸ್‌ಪೋರ್ಟ್ ನನ್ ಹತ್ರ ಉಂಟಲ್ಲ” ಎಂದಳು. ಅವಳ ಅಪ್ಪ ಪಿಎಚ್.ಡಿ.ಗೆಂದು ಅಮೆರಿಕದಲ್ಲಿದ್ದಾಗ ಹುಟ್ಟಿದವಳಂತೆ. ಎರಡನೇ ವರ್ಷಕ್ಕೆ ಉಡುಪಿಗೆ ವಾಪಸು. ಆ ದೇಶದ ಒಂದು ಬೀದಿಯೂ ನೆನಪಿಲ್ಲ. “ನಾನು ಟ್ರೈ ಮಾಡ್ಲಾ?” ಎಂದು ಕೇಳಿದಳು.

“ಮಾಡು, ಅದಕ್ಕೇನು” ಎಂದೆ. ಒಳಗೆ ಹೊಟ್ಟೆ ಧಗಧಗ ಉರಿಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಆ ವಾರ ಪಾತ್ರೆ ತೊಳೆಯುವಾಗ ಎಷ್ಟು ಸಲ ಅಂದುಕೊಂಡೆನೋ. ನಾಲ್ಕು ವರ್ಷ ಕಲಿಸಿದವಳಿಗೆ ಕರೆ ಬರುತ್ತದೆ, ಹದಿನಾಲ್ಕು ವರ್ಷ ಕಲಿಸಿದವಳಿಗೆ ಧನ್ಯವಾದ ಬರುತ್ತದೆ. ಅವಳು ಮಾಡಿದ ಸಾಧನೆ ಎಂದರೆ ಸರಿಯಾದ ಆಸ್ಪತ್ರೆಯಲ್ಲಿ ಹುಟ್ಟಿದ್ದು.

ಹಾಗಿದ್ದೂ ಅವಳ ಅರ್ಜಿಯನ್ನು ತಿದ್ದಿಕೊಟ್ಟವಳು ನಾನೇ. ತಿದ್ದುವಾಗ ಒಂದು ತಪ್ಪು ಸಿಕ್ಕಿದರೂ ನನಗೆ ಖುಷಿಯಾಗುತ್ತಿತ್ತು.

ಮೂರು ತಿಂಗಳ ಮೇಲೆ ಇಂಟರ್‌ವ್ಯೂ ಬಂತು. ಜಪಾನಿನ ಒಂದು ದ್ವೀಪದ ನೆಲೆ, ವಿಡಿಯೋದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅದೇ ವಾರ ಅವಳ ಮೇಲಿನ ಮನೆಯಲ್ಲಿ ಟೈಲ್ಸ್ ಒಡೆಯುವ ಕೆಲಸ ಶುರುವಾಗಿತ್ತು. “ನಿಮ್ ಮನೇಲಿ ಕೂತ್ಕೊಳ್ಲಾ ಅಕ್ಕಾ? ಇಲ್ಲಿ ಡ್ರಿಲ್ ಸೌಂಡಿಗೆ ತಲೆ ಹಾಳಾಗ್ತದೆ ಮಾರಾಯ್ರೆ” ಎಂದು ಫೋನ್ ಮಾಡಿದಳು. ನನ್ನ ಮನೆ ನಿಶ್ಶಬ್ದವಾಗಿದೆ ಎಂದು ನಂಬಿ ಬಂದಳು.

ಹಾಲಿನಲ್ಲಿ ಅವಳು ಕೂತಳು, ಅಡುಗೆಮನೆಯಲ್ಲಿ ನಾನು. ನಡುವೆ ಬಾಗಿಲಿಲ್ಲ, ಒಂದು ಗೋಡೆ ಮಾತ್ರ. ಮಗಳ ಊಟಕ್ಕೆಂದು ಬೇಳೆ ಕುಕ್ಕರಿಗಿಟ್ಟಿದ್ದೆ. ಎರಡು ವಿಷಲ್ ಆಗಿತ್ತು. ಹತ್ತಾಗುತ್ತಿದ್ದಂತೆ ಅವಳಿಗೆ ತೊಂದರೆಯಾಗದಿರಲಿ ಎಂದು ಒಲೆ ಆರಿಸಿದೆ. ಅಷ್ಟು ಹೊತ್ತಿನವರೆಗೆ ನಾನು ಒಳ್ಳೆಯವಳೇ.

ಮೂವರು ಕೇಳುತ್ತಿದ್ದರು. ನಿಮ್ಮ ಒಂದು ಪಾಠವನ್ನು ವಿವರಿಸಿ ಎಂದರು. ಅವಳು ಗಂಟಲು ಸರಿಮಾಡಿಕೊಂಡು ಮೆಟ್ಟಿಲಿನ ಪಾಠ ಶುರುಮಾಡಿದಳು. ನಾನು ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸುತ್ತೇನೆ ಎಂದಳು. ನಾನು ಸೊನ್ನೆಯನ್ನು ನಡುವೆ ಇಡುತ್ತೇನೆ ಎಂದಳು. ನಾನು, ನಾನು, ನಾನು. ಅತ್ತಲಿಂದ “ವಂಡರ್‌ಫುಲ್” ಎಂದು ಒಂದು ಹೆಣ್ಣುದನಿ ಕೇಳಿತು.

ಆ ಒಂದು ಶಬ್ದ ನನಗೆ ಬರಬೇಕಾಗಿದ್ದದ್ದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಮ್ಮ ಒಲೆಯ ಕಿಡಿ ಹೊಡೆಯುವ ಗುಂಡಿ ಕೆಟ್ಟು ಬಹಳ ದಿನವಾಗಿತ್ತು, ಮೈಸೂರಿನಿಂದ ತಂದ ಲೈಟರಿನಲ್ಲೇ ಹಚ್ಚಬೇಕಿತ್ತು. ನಾನು ಲೈಟರ್ ತೆಗೆದುಕೊಂಡು, ಆರಿಸಿದ್ದ ಒಲೆಯನ್ನು ಮತ್ತೆ ಹಚ್ಚಿದೆ. ಕೈ ಜಾರಿತು, ಮರೆವಾಯಿತು ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಹಾಗಲ್ಲ. ಉರಿಯನ್ನು ದೊಡ್ಡದು ಮಾಡಿ ಎದುರಿಗೇ ನಿಂತೆ.

ಮೂರು ನಿಮಿಷವೂ ಆಗಲಿಲ್ಲ, ಮೂರನೆಯ ವಿಷಲ್ ಕೂಗಿತು. ಹಿಂದೆಯೇ ನಾಲ್ಕನೆಯದು. ಹಾಲಿನಲ್ಲಿ ಅವಳು ಏನೋ ಹೇಳುತ್ತಿದ್ದವಳು ತಡವರಿಸಿದಳು. ಅತ್ತ ಯಾರೋ ಅಲಾರ್ಮೇ ಎಂದು ಕೇಳಿದರು. ಐದನೆಯದಕ್ಕೆ ಒಲೆ ಆರಿಸಿದೆ.

ಮುಗಿದ ಮೇಲೆ ಅಡುಗೆಮನೆಗೆ ಬಂದಳು. “ಸಾರಿ ಕಣೇ, ಮರೆತೇಹೋಯ್ತು” ಎಂದೆ. “ಇರ್ಲಿ ಬಿಡಿ ಅಕ್ಕಾ” ಎಂದು ನೀರು ಕುಡಿದು ಹೋದಳು. ಅಂದು ಬೇಳೆ ಬೆಂದು ಗಂಜಿಯಾಗಿತ್ತು. ಮಗಳು ಮುಖ ಸಿಂಡರಿಸಿಕೊಂಡು ತಿಂದಳು.

ಕೆಲಸ ಸಿಕ್ಕಿತು. ಒಂದು ಸಂಜೆ ನಮ್ಮ ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಎದುರಾಗಿ ನನ್ನನ್ನು ತಬ್ಬಿಕೊಂಡೇ ಹೇಳಿದಳು. ಕೆಡಿಸಲು ಹೋಗಿದ್ದೆನಲ್ಲ, ಸದ್ಯ ಕೆಡಲಿಲ್ಲ ಎಂದು ನೆಮ್ಮದಿಯಾಗಬೇಕಿತ್ತು. ಆದದ್ದು ಬೇರೆ. ಲಿಫ್ಟಿನಲ್ಲಿ ಮಗಳು ನನ್ನ ಮುಖ ನೋಡಿ, “ಅಮ್ಮಾ, ಯು ಸೋ ಜೆಲಸ್ ಲಾ” ಎಂದಳು. ಬೈದೆ. ಸುಳ್ಳು ಹೇಳಿದ್ದಕ್ಕಲ್ಲ.

ಹೊರಡುವ ಹಿಂದಿನ ಭಾನುವಾರ ಎಂದಿನ ಹೊತ್ತಿಗೇ ಬಂದಳು, ಲ್ಯಾಪ್‌ಟಾಪ್ ಇಲ್ಲದೆ. ಸಾಗಿಸಲಾಗದ ಸಾಮಾನು ತಂದಿದ್ದಳು: ಇಡ್ಲಿ ರವೆ, ಅರ್ಧ ಡಬ್ಬಿ ತೊಗರಿಬೇಳೆ, ಒಂದು ತೆಂಗಿನಕಾಯಿ ತುರಿಯುವ ಮಣೆ. ಕಾಫಿ ಕೊಟ್ಟೆ. ಬೇಳೆಯ ಡಬ್ಬಿ ನಮ್ಮಿಬ್ಬರ ನಡುವೆ ಮೇಜಿನ ಮೇಲಿತ್ತು. ಅದನ್ನು ನೋಡುತ್ತ ಕೂರಲಾಗದೆ ನಾನೇ ಬಾಯಿಬಿಟ್ಟೆ.

“ಆವತ್ತು ಕುಕ್ಕರ್ ಮರೆತಿದ್ದಲ್ಲ ಕಣೇ. ಆರಿಸಿದ್ದೆ. ಬೇಕೂಂತ್ಲೇ ಮತ್ತೆ ಹಚ್ಚಿದೆ.”

“ಗೊತ್ತು ಅಕ್ಕಾ. ಲೈಟರ್ ಸೌಂಡ್ ಕೇಳಿಸ್ತು.”

ಅವಳು ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಕುಕ್ಕರ್ ಕೂಗುವಾಗ ನಾನು ಏನು ಹೇಳ್ತಾ ಇದ್ದೆ ಅಂತ ನಿಮ್ಗೆ ಗೊತ್ತಾಗ್ಲಿಲ್ಲ ಅಲ್ವಾ?” ಎಂದಳು.

“ಇಲ್ಲ.”

“ಆ ಸ್ಟೆಪ್ಸ್ ಪಾಠ ನಂದಲ್ಲ, ನಂಗೆ ಕಲಿಸಿದ ಟೀಚರ್ ಒಬ್ರು ಇದ್ದಾರೆ, ಅವ್ರದ್ದು, ಅಂತ ಹೇಳ್ತಿದ್ದೆ. ನಿಮ್ ಹೆಸ್ರೂ ಹೇಳ್ದೆ. ವಿಷಲಿಗೆ ಅವ್ರಿಗೇನೂ ಕೇಳ್ಸಿಲ್ಲ.”

“ಮತ್ತೆ ಹೇಳ್ಬಹುದಿತ್ತಲ್ಲ?”

“ಅಷ್ಟರಲ್ಲಿ ನೆಕ್ಸ್ಟ್ ಕ್ವೆಶ್ಚನ್ ಕೇಳಿದ್ರು. ನಂಗೂ ಭಯ ಇತ್ತು, ಸುಮ್ಮನಾಗಿಬಿಟ್ಟೆ.”

ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. “ಲೈಟರ್ ಕೇಳಿಸಿತ್ತು ಅಂತೀಯ. ನಾನು ಹಾಳುಮಾಡೋಕೆ ಹೊರಟಿದೀನಿ ಅಂತ ಗೊತ್ತಿದ್ದೂ ನನ್ನ ಹೆಸರು ಹೇಳಿದ್ಯಾ?”

“ಲೈಟರ್ ಕೇಳಿಸಿದ ಮೇಲೇ ಅಕ್ಕಾ, ಹೇಳ್ಬೇಕು ಅಂತ ಅನ್ನಿಸಿದ್ದು.”

ಅವಳು ಹೋದ ಮೇಲೆ ಆ ಬೇಳೆಯನ್ನು ನಮ್ಮ ಡಬ್ಬಿಗೆ ಸುರಿದುಕೊಂಡೆ. ಈಗ ಅವಳು ಆ ದ್ವೀಪದಲ್ಲಿ ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸುತ್ತಿರುತ್ತಾಳೆ. ಅವಳ ಪಾಸ್‌ಪೋರ್ಟಿನ ಮೇಲೆ ನನಗೆ ಇಂದಿಗೂ ಹೊಟ್ಟೆಯುರಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಮೂವರ ಮುಂದೆ ನನ್ನ ಹೆಸರು ಒಂದೇ ಒಂದು ಸಲ ಬಂದಿತ್ತು, ಅದರ ಮೇಲೆ ಕುಕ್ಕರ್ ಕೂಗಿಸಿದವಳು ನಾನು.