ಒಂಟಿ ಸೀಟಿನ ಗಾಡಿ

ಮೊನ್ನೆ ಸಂಜೆ ಮದ್ದೂರಿನ ಪೇಟೆಬೀದಿಯಲ್ಲಿ ಸೊಪ್ಪು ಆರಿಸುತ್ತಿದ್ದೆ. ದಂಟಿನ ಸೊಪ್ಪಿನ ಕಂತೆಯನ್ನು ಮೂಗಿನ ಹತ್ತಿರ ತಂದವನಿಗೆ ಸೊಪ್ಪಿನದಲ್ಲದ ಒಂದು ವಾಸನೆ ಬಡಿಯಿತು. ಸುಟ್ಟ ಎಣ್ಣೆ, ಪೆಟ್ರೋಲು, ಅದರೊಳಗೆ ಎಲ್ಲೋ ಒಂಚೂರು ಸಿಹಿ. ತಿರುಗಿ ನೋಡುವಷ್ಟರಲ್ಲಿ ಗಾಡಿ ಮೂಲೆ ದಾಟಿಯಾಗಿತ್ತು. ಬೀದಿಯಲ್ಲಿ ನೀಲಿ ಹೊಗೆಯ ಒಂದು ಎಳೆ ಮಾತ್ರ ತೇಲುತ್ತಿತ್ತು. ಕಂತೆಯನ್ನು ಅಲ್ಲೇ ಇಟ್ಟು, ನನ್ನ ಬ್ಯಾಟರಿ ಸ್ಕೂಟರ್ ಏರಿ ಆ ಎಳೆಯ ಹಿಂದೆ ಹೊರಟೇಬಿಟ್ಟೆ. ಐವತ್ತು ದಾಟಿದ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಮನುಷ್ಯ ಹೀಗೆ ಮೂಗು ಮುಂದೆ ಮಾಡಿಕೊಂಡು ಹೊಗೆಯ ಬೆನ್ನು ಹತ್ತುವುದು ನೋಡುವವರಿಗೆ ಚೆನ್ನಾಗಿರುವುದಿಲ್ಲ, ನಿಜ. ಆದರೆ ಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ನೀಲಿ ಹೊಗೆ ಬಿಡುವ ಟೂ ಸ್ಟ್ರೋಕ್ ಗಾಡಿಯ ಹುಚ್ಚು ನಿಮಗೂ ಒಮ್ಮೆ ಹಿಡಿದಿದ್ದರೆ ನೀವೂ ಸೊಪ್ಪು ಬಿಟ್ಟು ಬರುತ್ತಿದ್ದಿರಿ.

ಗಾಡಿ ಟೀ ಅಂಗಡಿಯೊಂದರ ಮುಂದೆ ಸಿಕ್ಕಿತು. ಹಳೆಯ ಆರೆಕ್ಸು ಬೈಕು. ಹಿಂದೆ ಗೂನು ಎದ್ದ, ಒಬ್ಬರೇ ಕೂರುವಂಥ ರೇಸಿನ ಸೀಟು. ಯಜಮಾನ ಗಡ್ಡ ಬಿಟ್ಟ ತರುಣ. ನಾನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮದುವೆ ಆಗಿದೆಯೇನಪ್ಪಾ ಎಂದು ಕೇಳಿದೆ. ಗಾಡಿಗೂ ಮದುವೆಗೂ ಏನು ಸಂಬಂಧ ಎನ್ನುವಂತೆ ನೋಡಿ, ಇಲ್ಲ ಸಾರ್ ಎಂದ. ಹಾಗಿದ್ದರೆ ಸರಿ ಎಂದು ಹೇಳಿ ಟೀ ಕುಡಿದು ಬಂದೆ. ಅವನಿಗೆ ಹೇಳದೆ ಬಂದ ಕತೆಯನ್ನು ನಿಮಗೆ ಹೇಳುತ್ತೇನೆ.

ಅದು ನನ್ನ ಭಾವನ ಗಾಡಿಯ ಕತೆ. ಭಾವ ಎಂದರೆ ಅಕ್ಕನ ಗಂಡ, ಹೊಳಲಿನವರು. ಮೂರು ಕಡೆ ಗದ್ದೆ ಇದ್ದೂ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದರು, ಅದೂ ಬಸ್ಸಿನಲ್ಲಿ. ಆರೆಕ್ಸನ್ನು ಕೆಲಸಕ್ಕೆ ಒಯ್ಯುವುದು ಅವರ ಪ್ರಕಾರ ಪಾಪ. ಅದು ಭಾನುವಾರಕ್ಕೆ ಮೀಸಲು. ಅಷ್ಟು ಹೊತ್ತಿಗಾಗಲೇ ಹೊಗೆಯ ಕಾನೂನು ಬಂದು ಆ ಥರದ ಗಾಡಿಗಳನ್ನು ಮಾಡುವುದೇ ನಿಂತುಹೋಗಿತ್ತು. ಇರುವ ಗಾಡಿ ಇರುವವರೆಗೆ ಅನ್ನುವ ಹಾಗಾದ ಮೇಲೆ ಭಾವನ ಪ್ರೀತಿ ಎರಡು ಪಟ್ಟಾಯಿತು.

ಭಾನುವಾರ ಬೆಳಿಗ್ಗೆ ಅವರ ಮನೆಯ ಮುಂದಿನ ಹೊಂಗೆಮರದ ಕೆಳಗೆ ಜನ ಸೇರುತ್ತಿದ್ದರು. ಮಂಡ್ಯದಿಂದ, ಮದ್ದೂರಿನಿಂದ, ಮಳವಳ್ಳಿಯಿಂದಲೂ ಬರುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಹೆಚ್ಚು ಮರ್ಯಾದೆಯ ಶಾಸ್ತ್ರ ಅದು. ಮೊದಲು ಯಾರೂ ಮಾತಾಡಕೂಡದು. ಸುತ್ತಿ ನೋಡಬೇಕು, ಕೂತು ನೋಡಬೇಕು, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಬೇಕು. ಯಜಮಾನ ಹೇಳದೆ ಆಕ್ಸಿಲೇಟರ್ ಮುಟ್ಟಿದವನಿಗೆ ಮುಂದಿನ ವಾರ ಕಾಫಿ ಇಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬಟ್ಟೆಯಲ್ಲಿ ಹಿಡಿದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದರ ತುದಿ ಕಪ್ಪಗಿದ್ದರೆ ಎಣ್ಣೆ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಕಾಫಿಪುಡಿಯ ಬಣ್ಣಕ್ಕಿದ್ದರೆ ಎಲ್ಲರ ಮುಖ ಅರಳುತ್ತಿತ್ತು. ನನ್ನ ಸರದಿ ಬಂದಾಗ ನಾನೂ ಬಿಸಿಲಿಗೆ ಹಿಡಿದು ಗಂಭೀರವಾಗಿ ಹೂಂ ಅನ್ನುತ್ತಿದ್ದೆ. ನನಗೆ ಎಲ್ಲ ಪ್ಲಗ್ಗೂ ಒಂದೇ ಥರ ಕಾಣುತ್ತಿತ್ತು.

ಜನ ಹೋದ ಮೇಲೆ ರಿಪೇರಿ. ಭಾವ ಸೈಲೆನ್ಸರಿನ ಒಳಗಿನ ಕೊಳವೆಯನ್ನು ಒಂದೊಂದು ಬೆರಳಷ್ಟು ಕತ್ತರಿಸಿ ಸದ್ದು ನೋಡುತ್ತಿದ್ದರು. ಕಾರ್ಬುರೇಟರಿನ ಸ್ಕ್ರೂ ತಿರುಗಿಸುವಾಗ ಆಕ್ಸಿಲೇಟರ್ ಹಿಡಿಯುವುದು ಅಕ್ಕನ ಕೆಲಸ. ಏರ್ಸು, ಇಳ್ಸು, ಇನ್ನೊಸಿ ಏರ್ಸು ಎಂದು ಭಾವ ಬಗ್ಗಿಕೊಂಡು ಹೇಳುತ್ತಿದ್ದರೆ, ಅಕ್ಕ ಸೆರಗು ಸಿಕ್ಕಿಸಿಕೊಂಡು ಎಲ್ಲೋ ನೋಡುತ್ತಾ ಕೈ ತಿರುವುತ್ತಿದ್ದಳು. ಸಾಕು, ಈಗ್ ಸರ್ಯಾಯ್ತು ನಿಲ್ಸಿ ಎಂದು ಅವಳು ಹೇಳಿದರೆ ನಿಜಕ್ಕೂ ಸರಿಯಾಗಿರುತ್ತಿತ್ತು. ಅದರಲ್ಲೇನೂ ಆಶ್ಚರ್ಯವಿಲ್ಲ. ನಮ್ಮಪ್ಪನ ಹಳೇ ಗೇರಿನ ಗಾಡಿಯನ್ನು ನಾಲೆ ಏರಿಯ ಮೇಲೆ ನನಗಿಂತ ಮೊದಲು ಓಡಿಸಿದವಳು ಅವಳೇ. ಆಗಲೂ ಮಳವಳ್ಳಿ ಕಡೆಯ ಶಾಲೆಗೆ ಪಾಠ ಹೇಳಲು ಸ್ಕೂಟರಿನಲ್ಲಿ ಹೋಗುತ್ತಿದ್ದಳು.

ಒಮ್ಮೆ ಯಾರೋ ಬಂದು, ರೇಸಿನ ಗಾಡಿಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಾರೆ, ಆ ಪರಿಮಳವೇ ಬೇರೆ ಎಂದು ಹೇಳಿಹೋದರು. ಭಾವ ಮಾರನೆಯ ದಿನವೇ ಅಡುಗೆಮನೆಯ ಹರಳೆಣ್ಣೆ ಬಾಟಲಿಯನ್ನು ಪೆಟ್ರೋಲಿಗೆ ಸುರಿದರು. ಪರಿಮಳವೇನೋ ಬಂತು. ಗಾಡಿ ನಾಲೆಯವರೆಗೆ ಹೋಗಿ ನಿಂತಿತು, ಪ್ಲಗ್ಗು ಅಂಟು ಅಂಟು. ತಳ್ಳಿಕೊಂಡು ಬಂದವರನ್ನು ನೋಡಿ ಅಕ್ಕ, ಬಾಣಂತಿ ಕೋಣೆ ವಾಸ್ನೆ ಬತ್ತಾದೆ, ಸೀಗೆಪುಡೀನೂ ಕೊಡ್ಲಾ ಎಂದು ಕೇಳಿದಳು. ಊರವರು ತಿಂಗಳುಗಟ್ಟಲೆ ಅದನ್ನೇ ಹೇಳಿ ನಕ್ಕರು.

ಅಕ್ಕ ಆ ಗಾಡಿಯ ಮೇಲೆ ಕೂರುತ್ತಿದ್ದುದು ವರ್ಷಕ್ಕೆ ಒಂದು ದಿನ. ಶ್ರಾವಣದ ಮೊದಲ ಶನಿವಾರ ಇಬ್ಬರೂ ಮುತ್ತತ್ತಿಯ ಆಂಜನೇಯನಿಗೆ ಹೋಗುವುದು ಮದುವೆಯಾದ ವರ್ಷದಿಂದ ನಡೆದು ಬಂದಿತ್ತು. ಅವಳಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ದಾರಿಯ ಮೇಲೂ ಅಷ್ಟೇ. ಹಲಗೂರು ದಾಟಿ ರಸ್ತೆ ಖಾಲಿಯಾದರೆ ಸಾಕು, ಜೋರಾಗಿ ಬಿಡಿ ಎಂದು ಹಿಂದಿನಿಂದ ಬೆನ್ನು ತಿವಿಯುತ್ತಿದ್ದಳಂತೆ. ಆ ಒಂದು ದಿನಕ್ಕೆ ವಾರದ ಮುಂಚೆಯೇ ಸೀರೆ ತೆಗೆದಿಡುತ್ತಿದ್ದಳು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹಾಗಾಯಿತು.

ಆ ವರ್ಷ ಆಷಾಢ ಪೂರ್ತಿ ಭಾವ ಗಾಡಿಯನ್ನು ಬಿಚ್ಚಿ ಹರವಿದರು. ಸವೆದ ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸಿದರು, ಅದಕ್ಕೆ ಬೋರ್ ಮಾಡಿಸುವುದು ಎನ್ನುತ್ತಾರೆ. ಹ್ಯಾಂಡಲ್ ತಗ್ಗಿಸಿದರು. ಟ್ಯಾಂಕಿಗೆ ಬದನೆಕಾಯಿ ಬಣ್ಣ ಹೊಡೆಸಿದರು. ಆ ಬಣ್ಣದ ಬಗ್ಗೆ ಹೊಂಗೆಮರದ ಕೆಳಗೆ ನಡೆದಷ್ಟು ಚರ್ಚೆ ನಮ್ಮ ಕಾಲೇಜಿನ ಯಾವ ವಿಚಾರಗೋಷ್ಠಿಯಲ್ಲೂ ನಡೆದಿಲ್ಲ. ಕೊನೆಗೆ ಬಂದದ್ದು ಸೀಟು. ಮಂಡ್ಯದ ರೆಕ್ಸಿನ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದು, ಮುಂದೆ ಸಣ್ಣ, ಹಿಂದೆ ಗೂನು, ಸುತ್ತ ಕೆಂಪು ದಾರದ ಹೊಲಿಗೆ. ಶುಕ್ರವಾರ ಸಂಜೆ ನಾವೆಲ್ಲ ಸುತ್ತ ನಿಂತು ನೋಡಿದ್ದೇ ನೋಡಿದ್ದು. ಹೊಲಿಗೆ ಎಷ್ಟು ನೇರ ಎಂದು ಒಬ್ಬ, ಗೂನು ಟ್ಯಾಂಕಿಗೆ ಎಷ್ಟು ಒಪ್ಪುತ್ತದೆ ಎಂದು ಇನ್ನೊಬ್ಬ. ನಾನಂತೂ ಆ ಹೊಲಿಗೆಯ ಮೇಲೆ ಬೆರಳಾಡಿಸುತ್ತಲೇ ಇದ್ದೆ.

ಮಾರನೆಯ ದಿನವೇ ಶ್ರಾವಣದ ಮೊದಲ ಶನಿವಾರ. ಬೆಳಿಗ್ಗೆ ಅಕ್ಕ ಹಸಿರು ಸೀರೆ ಉಟ್ಟು, ಹಣ್ಣುಕಾಯಿ ಚೀಲ ಹಿಡಿದು ಬಾಗಿಲಿಗೆ ಬಂದಳು. ಗಾಡಿಯನ್ನು ಒಂದು ಸಲ ನೋಡಿದಳು. ಆಮೇಲೆ ಭಾವನನ್ನು ನೋಡಿದಳು.

"ನಾನೆಲ್ಲಿ ಕೂರಾದು?"

ಭಾವ ಸೀಟನ್ನು ನೋಡಿದರು, ನಾನೂ ನೋಡಿದೆ. ದೇವರಾಣೆಗೂ ಹೇಳುತ್ತೇನೆ, ಅಷ್ಟು ಜನ ಅಷ್ಟು ಹೊತ್ತು ಆ ಸೀಟನ್ನು ಮೆಚ್ಚಿಕೊಂಡೆವಲ್ಲ, ಒಬ್ಬರ ತಲೆಗೂ ಅದು ಹೊಳೆದಿರಲಿಲ್ಲ. ಹಳೇ ಸೀಟು ಮಂಡ್ಯದ ಅಂಗಡಿಯಲ್ಲೇ ಉಳಿದಿತ್ತು. ಅಕ್ಕ ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ನನ್ನನ್ನು ಕರೆದುಕೊಂಡು ಬಸ್ಸಿಗೆ ಹೊರಟಳು.

ಭಾವ ಗಾಡಿಯಲ್ಲಿ ಹಿಂದೆ ಹಿಂದೆಯೇ ಬಂದರು. ಆದರೆ ಹೊಸ ಬೋರಿನ ಗಾಡಿಯನ್ನು ಹೊಂದಿಕೊಳ್ಳುವ ತನಕ ನಲವತ್ತರ ಮೇಲೆ ಓಡಿಸಕೂಡದು. ಓಡಿಸಿದರೆ ಪಿಸ್ಟನ್ನು ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಆಷಾಢದ ಕೆಲಸವೆಲ್ಲ ನೀರುಪಾಲು. ಹೀಗಾಗಿ ಮೂರು ತಾಲೂಕಿಗೆ ಹೆಸರಾದ ಗಾಡಿಯನ್ನು ನಮ್ಮ ಬಸ್ಸು ಗೆಜ್ಜಲಗೆರೆಯಲ್ಲೇ ಹಿಂದೆ ಹಾಕಿತು. ಹಿಂದಿನ ಗಾಜಿನಲ್ಲಿ ನಾನು ನೋಡುತ್ತಿದ್ದೆ. ಹಾಲಿನ ವ್ಯಾನು ಅವರನ್ನು ದಾಟಿತು. ಹಸಿಹುಲ್ಲಿನ ಹೊರೆ ಹೇರಿಕೊಂಡ ಮೊಪೆಡ್ಡೊಂದು ಹಾರನ್ ಹೊಡೆದು ದಾಟಿತು. ಭಾವ ತಗ್ಗಿಸಿದ ಹ್ಯಾಂಡಲಿಗೆ ರೇಸಿನವರ ಹಾಗೆ ಎದೆ ಚಾಚಿ, ಎತ್ತಿನಗಾಡಿಯ ಹಿಂದೆ ಬರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ತಿರುಗಿ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತವಳ ಕಣ್ಣು ತುಂಬಿದ್ದನ್ನು ಮದ್ದೂರಿನ ಹತ್ತಿರ ಕಂಡೆ. ಆಮೇಲೆ ನಗು ಬರಲಿಲ್ಲ.

ಮುತ್ತತ್ತಿಯಲ್ಲಿ ನಾವು ಹೊಳೆಯಲ್ಲಿ ಮಿಂದು, ಪೂಜೆ ಮುಗಿಸಿ, ಪ್ರಸಾದ ತಿಂದು ಕೂತ ಎಷ್ಟೋ ಹೊತ್ತಿಗೆ ಭಾವ ಬಂದರು. ಗಾಡಿಗೂ ಪೂಜೆಯಾಯಿತು, ಚಕ್ರದಡಿಗೆ ನಿಂಬೆಹಣ್ಣು, ಹೆಡ್‌ಲೈಟಿಗೆ ಕುಂಕುಮ. ತಪ್ಪಾಯ್ತು, ಸೋಮವಾರವೇ ಹಳೇ ಸೀಟು ಹಾಕಿಸುತ್ತೇನೆ ಎಂದು ಭಾವ ತಗ್ಗಿದ ದನಿಯಲ್ಲಿ ಹೇಳಿದರು. ಅಕ್ಕ ಸೀರೆಯನ್ನು ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಹಣ್ಣುಕಾಯಿ ಚೀಲವನ್ನು ಅವರ ಕೈಗೆ ಕೊಟ್ಟು, ಬೀಗದ ಕೈಯನ್ನು ಅವರ ಜೇಬಿನಿಂದ ತಾನೇ ತೆಗೆದುಕೊಂಡಳು.

"ಒಬ್ರೇ ಕೂರಾ ಗಾಡಿ ತಾನೆ? ನಾ ಕೂತ್ಕತೀನಿ. ನೀವ್ ಬಸ್ಸಲ್ ಬನ್ನಿ."

ಒಂದೇ ಒದೆತಕ್ಕೆ ಗಾಡಿ ಶುರುವಾಯಿತು. ಹರಕೆಗೆ ಬಂದವರು, ಹೊಳೆದಡದಲ್ಲಿ ಅಡುಗೆ ಮಾಡುತ್ತಿದ್ದವರು ಎಲ್ಲ ಎದ್ದು ನಿಂತು ನೋಡಿದರು. ನಮ್ಮ ಬಸ್ಸು ಹೊರಡಲಿ, ನಾನು ಹಿಂದೆ ನಿಧಾನಕ್ಕೆ ಬರುತ್ತೇನೆ ಎಂದಳು ಅಕ್ಕ.

ಮಳವಳ್ಳಿಯಲ್ಲಿ ಬಸ್ಸು ಬದಲಿಸಲು ನಾವಿಬ್ಬರೂ ಇಳಿದು ರಸ್ತೆ ಬದಿಗೆ ನಿಂತೆವು. ಭಾವ ಚೀಲವನ್ನು ಎದೆಗೆ ಅವುಚಿಕೊಂಡು ಹಲಗೂರಿನ ದಿಕ್ಕನ್ನೇ ನೋಡುತ್ತಿದ್ದರು. ಜೋರಾಗಿ ಬಿಟ್ಟುಬಿಟ್ಟಿದ್ದರೆ, ಎಂದರು ಒಮ್ಮೆ. ಬೋರು ಕಚ್ಚಿಕೊಂಡು ಬಿದ್ದುಬಿಟ್ಟಿದ್ದರೆ, ಎಂದರು ಇನ್ನೊಮ್ಮೆ. ಚಿಂತೆ ಹೆಂಡತಿಯದೋ ಪಿಸ್ಟನ್ನಿನದೋ ಎಂದು ನಾನು ಕೇಳಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಗ ದೂರದಿಂದ ಸದ್ದು ಬಂತು. ಡಿಣ್ ಡಿಣ್ ಡಿಣ್ ಎಂದು ಒಂದೇ ಸಮ, ಏರಿಲ್ಲ ಇಳಿತವಿಲ್ಲ. ಭಾವ ನನ್ನ ತೋಳು ಹಿಡಿದುಕೊಂಡರು.

ಬಂದಳು ನೋಡಿ. ಬದನೆಕಾಯಿ ಬಣ್ಣದ ಟ್ಯಾಂಕು ಬಿಸಿಲಿಗೆ ಮಿಂಚುತ್ತಿತ್ತು. ಹಸಿರು ಸೀರೆ, ಕೆಂಪು ಹೊಲಿಗೆಯ ಗೂನು, ಅದರ ಹಿಂದೆ ಒಂದು ಗೇಣು ನೀಲಿ ಹೊಗೆ. ನಲವತ್ತಕ್ಕೆ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಸ್‌ಸ್ಟ್ಯಾಂಡಿನ ಜನರೆಲ್ಲ ತಿರುಗಿದರು. ಅವಳು ನಮ್ಮ ಕಡೆ ನೋಡಲೂ ಇಲ್ಲ, ನಿಲ್ಲಿಸಲೂ ಇಲ್ಲ. ನಮ್ಮ ಮುಂದೆಯೇ ಹಾದು ಮದ್ದೂರಿನ ರಸ್ತೆಗೆ ಹೊರಳಿ ಹೋದಳು. ಶಿಳ್ಳೆ ಹೊಡೆದೆನೋ ಏನೋ, ನೆನಪಿಲ್ಲ.

ಹೊಗೆ ಕರಗುವ ತನಕ ಭಾವ ಕತ್ತು ಚಾಚಿ ನೋಡಿದರು. ಆಮೇಲೆ ಹೇಳಿದರು, "ನನ್ ಗಾಡಿ ಓಗಾದ್ನ ನಾನೇ ನೋಡಿರ್ನಿಲ್ಲ ಕಣ್ಲಾ. ಯಾವಾಗ್ಲೂ ಮೇಲೇ ಕೂತಿರ್ತಿದ್ನಲ್ಲ."

ಅಂದಿನಿಂದ ಅದೇ ಪದ್ಧತಿಯಾಯಿತು. ಭಾವ ಸೀಟು ಬದಲಿಸಲು ಹೋದರೆ ಅಕ್ಕ ಬಿಡಲಿಲ್ಲ. ಪ್ರತಿ ಶ್ರಾವಣಕ್ಕೂ ಹೋಗುತ್ತಾ ಒಬ್ಬರು ಗಾಡಿ, ಬರುತ್ತಾ ಇನ್ನೊಬ್ಬರು. ಬಸ್ಸಿನಲ್ಲಿ ಬಂದವರು ಮಳವಳ್ಳಿಯಲ್ಲಿ ಇಳಿದು ನಿಂತು ನೋಡಬೇಕು, ಗಾಡಿಯಲ್ಲಿ ಬಂದವರು ನಿಲ್ಲಿಸದೆ ಹಾದು ಹೋಗಬೇಕು. ವಯಸ್ಸಾದವರ ಆಟ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಎರಡು ವರ್ಷದಿಂದ ಭಾವನಿಗೆ ಮಂಡಿನೋವು, ಕಿಕ್ಕರ್ ಒದೆಯಲಾಗುವುದಿಲ್ಲ. ಹೋಗುತ್ತಲೂ ಬರುತ್ತಲೂ ಅವರದು ಬಸ್ಸೇ. ನೋಡಾದೇ ಚೆಂದ ಬುಡು ಎನ್ನುತ್ತಾರೆ. ನಾನು ಅದನ್ನು ಪೂರ್ತಿ ನಂಬಿಲ್ಲ.

ಮೊನ್ನೆಯ ಹೊಗೆ ಮೂಗಿನಿಂದ ಹೋಗಲೊಲ್ಲದೆ ರಾತ್ರಿ ಭಾವನಿಗೆ ಫೋನ್ ಮಾಡಿದೆ. ನಾಳೆ ಶ್ರಾವಣದ ಮೊದಲ ಶನಿವಾರ, ಮಳವಳ್ಳಿಗೆ ಬಾ ಎಂದರು. ಅಕ್ಕ ಕ್ಲಚ್ ಕೇಬಲ್ ಹಾಕಿಸಬೇಕೆಂದು ಗಾಡಿಯನ್ನು ಮಂಡ್ಯಕ್ಕೆ ಬಿಟ್ಟಿದ್ದಾಳೆ, ಅಲ್ಲಿಂದಲೇ ಸೀದಾ ಬರುತ್ತಾಳಂತೆ.

ನಿನ್ನೆ ಇಬ್ಬರೂ ನಿಂತಿದ್ದೆವು. ಭಾವನ ಕೈಯಲ್ಲಿ ಚೀಲ. ಮದ್ದೂರಿನ ಕಡೆಯಿಂದ ಸದ್ದು ಬಂತು, ಹತ್ತಿರವಾಯಿತು, ಮತ್ತೆ ಇದ್ದಕ್ಕಿದ್ದ ಹಾಗೆ ತಗ್ಗಿತು. ಏನೋ ಕೆಟ್ಟಿರಬೇಕು ಎನ್ನುತ್ತಾ ಭಾವ ರಸ್ತೆಗೆ ಒಂದು ಹೆಜ್ಜೆ ಇಟ್ಟರು. ಅಕ್ಕ ಸೀದಾ ನಮ್ಮ ಮುಂದೆ ಬಂದು ಒಂದು ಕಾಲು ನೆಲಕ್ಕೂರಿ ನಿಲ್ಲಿಸಿದಳು. ಇಂಜಿನ್ ಓಡುತ್ತಲೇ ಇತ್ತು. ಅವಳ ಹಿಂದೆ ಗೂನು ಇರಲಿಲ್ಲ. ಹೊಚ್ಚ ಹೊಸ ಉದ್ದನೆಯ ಸೀಟು, ಮೆತ್ತಗೆ, ಅಗಲವಾಗಿ, ಹಿಂದೆ ಹಿಡಿದುಕೊಳ್ಳಲು ಕಂಬಿ ಬೇರೆ.

ಭಾವ ಆ ಸೀಟನ್ನೇ ನೋಡುತ್ತಾ ನಿಂತುಬಿಟ್ಟರು.

"ನೋಡಿದ್ ಸಾಕು, ಅತ್ಕಳಿ" ಎಂದಳು ಅಕ್ಕ. "ಚೀಲ ಅವ್ನ್ ಕೈಗ್ ಕೊಡಿ. ಅವ್ನ್ ಬಸ್ಸಲ್ ಬತ್ತಾನೆ."

ಭಾವ ಮಂಡಿ ಹಿಡಿದುಕೊಂಡು ನಿಧಾನವಾಗಿ ಕಾಲು ಆ ಕಡೆ ಹಾಕಿ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ಕಂಬಿ ಹಿಡಿದರು, ಆಮೇಲೆ ಅದನ್ನು ಬಿಟ್ಟು ಅಕ್ಕನ ಹೆಗಲು ಹಿಡಿದರು. ಅವಳು ಗೇರು ಹಾಕಿದಳು. ನಾನು ಚೀಲ ಹಿಡಿದು ರಸ್ತೆಯ ಬದಿಯಲ್ಲಿ ನಿಂತು, ಇಬ್ಬರೂ ಹೋಗುವುದನ್ನು ಕಣ್ಣು ತುಂಬ ನೋಡಿದೆ.