ನೀರಿನ ಜಾಗ ತೋರಿಸುವವರು

ಬೋರು ಕೊರೆಸುವ ಮೊದಲು ಜಾಗ ತೋರಿಸಲು ಅವರು ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದಿದ್ದರು. ಚಪ್ಪಲಿ ಬಿಟ್ಟು, ತೆಂಗಿನಕಾಯಿಯನ್ನು ಟವೆಲಿನಿಂದ ಎರಡು ಸಲ ಒರೆಸಿ, ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಕಣ್ಣು ಮುಚ್ಚಿ ನಡೆದರು. ಕೆಳಗೆ ನೀರಿದ್ದರೆ ಕಾಯಿ ಎದ್ದು ನಿಲ್ಲುತ್ತದಂತೆ. ಮನೆಯ ಹಿಂದೆ, ಕಡಿದಾದ ದಿಬ್ಬದಂಥ ದರೆಯ ಮೇಲೆ ಅದು ನಿಂತಿತು. ಅವರು ಅಲ್ಲೊಂದು ಕಲ್ಲಿಟ್ಟರು.

"ದರೆ ಕೆಳಗೆ ಎಲ್ಲೂ ಇಲ್ವಾ?" ಎಂದು ಅಮ್ಮ ಕೇಳಿದರು. ನಮ್ಮ ಬಾವಿ ಬತ್ತಿ, ಹಳ್ಳದಿಂದ ಕೊಡ ಹೊತ್ತು ಅವರ ಸೊಂಟ ಹಿಡಿದುಕೊಂಡಿತ್ತು.

"ಒಂದು ಹನಿಯೂ ಇಲ್ಲ. ನಾನು ಹೇಳೂದಲ್ಲ ಮಾರಾಯ್ರೆ, ಕಾಯಿ ಹೇಳೂದು."

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕಾಫಿ ತಂದುಕೊಟ್ಟೆ.

ಮರುದಿನ ಬಂದ ಬೋರಿನ ಲಾರಿ ದರೆ ಹತ್ತಲಿಲ್ಲ. ಹತ್ತಾರು ಸಲ ಹಿಂದೆಮುಂದೆ ಮಾಡಿದ ಡ್ರೈವರ್, "ನಿಂತಲ್ಲೇ ಹೊಡೀತೀನಿ, ಇಲ್ಲಾಂದ್ರೆ ವಾಪಸ್" ಎಂದ.

"ಹೊಡಿ ಮಾರಾಯ" ಎಂದುಬಿಟ್ಟರು ಅಮ್ಮ. ಗೇಟಿನ ಪಕ್ಕದಲ್ಲೇ ಧಾರಾಳ ನೀರು ಬಿತ್ತು.

ನಾಲ್ಕು ದಿನದ ಮೇಲೆ, ಸುದ್ದಿ ಕೇಳಿ ಅವರು ಬಂದರು. ಗೇಟಿನ ಬಳಿಯ ಪೈಪನ್ನೂ ದರೆಯ ಮೇಲಿನ ತಮ್ಮ ಕಲ್ಲನ್ನೂ ನೋಡಿದರು. "ಅಲ್ಲಿಯ ನೀರೇ ಇಲ್ಲಿಗೆ ಇಳಿದದ್ದು. ನಾನು ಹೇಳೂದಲ್ಲ, ಕಾಯಿ ಹೇಳೂದು" ಎಂದರು. ಅಂದು ಅವರ ಕೈಯಲ್ಲಿ ಕಾಯಿ ಇರಲಿಲ್ಲ. ಅಮ್ಮ ಹೊಸ ನೀರಿನ ಕಾಫಿ ಕೊಟ್ಟರು.

ಮುಂದಿನ ವಾರ ಎದುರುಮನೆಯವರೂ ಅವರನ್ನೇ ಕರೆಸಿದರು. ನಾನು ಬೇಲಿಯ ಬಳಿ ನಿಂತಿದ್ದೆ. ಅವರು ಚಪ್ಪಲಿ ಬಿಟ್ಟರು, ಕಾಯಿಯನ್ನು ಎರಡು ಸಲ ಒರೆಸಿದರು. ಕಣ್ಣು ಮುಚ್ಚುವ ಮೊದಲು ಮನೆಯ ಯಜಮಾನರನ್ನು ಮೆಲ್ಲಗೆ ಕೇಳಿದರು: "ಲಾರಿ ಎಲ್ಲಿವರೆಗೆ ಬರ್ತದೆ?"