ಏರಿಯ ಬುಡದ ಸೀಸೆಗಳು

ಸೋಮವಾರ ಬೆಳಗ್ಗೆ ಸೀಸೆಯ ನೀರು ಮೊದಲ ಸಲ ಮಂಕಾಗಿ ಕಂಡಿತು.

ಸಪ್ಪಲಮ್ಮ ಅದನ್ನು ಬೆಳಕಿಗೆ ಹಿಡಿದಳು, ಅಲುಗಾಡಿಸಿದಳು, ಮತ್ತೆ ಹಿಡಿದಳು. ಜೆ.ಪಿ. ನಗರದ ಕೊನೆಯ ಹಂತದ ಹಿಂದಿರುವ ಸಾಸಲುಕೆರೆಯ ಏರಿಯ ಹಿಂಬದಿಯಲ್ಲಿ, ಬೇಸಿಗೆಯಲ್ಲೂ ಹುಲ್ಲು ಒದ್ದೆಯಾಗಿರುವ ಜಾಗವೊಂದಿದೆ. ಅಲ್ಲಿ ಮಣ್ಣಿಗೆ ಚುಚ್ಚಿಟ್ಟ ಹಂಚಿನ ಚೂರಿನ ತುದಿಯಿಂದ ದಾರದಷ್ಟು ಸಣ್ಣಗೆ ನೀರು ಇಳಿಯುತ್ತದೆ. ಅದನ್ನು ದಿನಾ ಗಾಜಿನ ಸೀಸೆಗೆ ಹಿಡಿದು ನೋಡುವುದು ಅವಳಿಗೆ ಮಾವ ಲಕ್ಕಯ್ಯ ಕಲಿಸಿದ ಕೆಲಸ. ಲಕ್ಕಯ್ಯ ಊರಿನ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು, ಏರಿ ಕಾಯುವವನು. ಸೀಸೆಯ ನೀರು ತಿಳಿಯಾಗಿದ್ದರೆ ಏರಿ ಬೆವರುತ್ತಿದೆ, ಭಯವಿಲ್ಲ. ಕದಡಿದ್ದರೆ ನೀರು ಏರಿಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ.

ಗದ್ದೆಗಳು ಸೈಟುಗಳಾದ ಮೇಲೆ ನೀರುಗಂಟಿಗೆ ಕೆಲಸವಿರಲಿಲ್ಲ. ಮಾವ ಹೋದ, ಕೆಲವು ವರ್ಷಕ್ಕೆ ಗಂಡನೂ ಹೋದ. ಕೆರೆಗೆ ಚರಂಡಿ ನೀರು ಸೇರಿ ಅಂತರಗಂಗೆ ಮುಚ್ಚಿಕೊಂಡಿತು. ಸಪ್ಪಲಮ್ಮ ಜಯನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕಿ ಮಗ ಸಿದ್ಧಾರ್ಥನನ್ನು ಬೆಳೆಸಿದಳು. ಐದು ವರ್ಷದ ಹಿಂದೆ ಬಡಾವಣೆಯವರು ಕೆರೆ ಬಳಗ ಕಟ್ಟಿಕೊಂಡು ಕೆರೆ ಉಳಿಸಲು ಹೊರಟಾಗ ತೋಟದ ಕೆಲಸಕ್ಕೆ ಅವಳನ್ನು ಕರೆದರು. ಐವತ್ತೇಳರ ವಯಸ್ಸಿನಲ್ಲಿ ಅವಳು ಮತ್ತೆ ಏರಿ ಹತ್ತಿದಳು. ಯಾರೂ ಹೇಳದಿದ್ದರೂ ಸೀಸೆಯನ್ನೂ ಹಿಡಿದಳು.

ಮೂರು ತಿಂಗಳಿಗೊಮ್ಮೆ ಕಾಲೇಜುಗಳಿಂದ ಇಂಟರ್ನ್‌ಗಳ ಹೊಸ ತಂಡ ಬರುತ್ತಿತ್ತು. ರಾಜಕಾಲುವೆಯ ಬಾಯಲ್ಲಿ ಹೂಳು ಎತ್ತುವುದು, ದಡದಲ್ಲಿ ಜೊಂಡು ನೆಡುವುದು, ಅಳತೆ ಕಂಬ ನೋಡಿ ನೀರಿನ ಮಟ್ಟ ಬರೆಯುವುದು, ಹಕ್ಕಿಗೂಡು ಎಣಿಸುವುದು ಅವರ ಕೆಲಸ. ಗುದ್ದಲಿ ಹಿಡಿಯುವುದನ್ನು ಮಾತ್ರ ಸಪ್ಪಲಮ್ಮನೇ ಕಲಿಸಬೇಕು. ಈ ಸಲದ ತಂಡದಲ್ಲಿ ಜಯನಗರದ ವಿಭಾ ಇದ್ದಳು, ಇಪ್ಪತ್ತೊಂದು ವರ್ಷದವಳು. ಮೊದಲ ವಾರವೇ ಅಂಗೈಯಲ್ಲಿ ಬೊಬ್ಬೆ ಎದ್ದರೂ ಒಂದು ದಿನ ತಪ್ಪಿಸಿರಲಿಲ್ಲ.

“ಆಂಟಿ, ದಿನಾ ಏನ್ ನೋಡ್ತೀರಾ ಅದ್ರಲ್ಲಿ? ಭವಿಷ್ಯಾನಾ?”

“ಹೂಂ, ನಿನ್ ಮದ್ವೆ ಯಾವಾಗ ಅಂತ ನೋಡ್ತಿದ್ದೆ. ಹಿಡಿ ಇದನ್ನ. ಬಣ್ಣ ಹೇಳು.”

ವಿಭಾ ಕಣ್ಣು ಕಿರಿದು ಮಾಡಿದಳು. “ಲೈಟ್ ಟೀ ಥರ ಇದೆ.”

“ನೆನ್ನೆ ಹಿಂಗಿರ್ಲಿಲ್ಲ ಕಣಮ್ಮಣ್ಣಿ.”

ಅದರ ಅರ್ಥ ತಿಳಿದ ಮೇಲೆ ವಿಭಾ ನಗಲಿಲ್ಲ. ಸೀಸೆಗೆ ಚೀಟಿ ಅಂಟಿಸಿ, ದಿನಾಂಕ ಬರೆದು, ಸಾಮಾನಿನ ಶೆಡ್ಡಿನ ಕಿಟಕಿಯಲ್ಲಿ ಇಟ್ಟಳು. ಮಾರನೆಯ ದಿನ ಇನ್ನೊಂದು. ಗುರುವಾರದ ಹೊತ್ತಿಗೆ ಕಿಟಕಿಯಲ್ಲಿ ನಾಲ್ಕು ಸೀಸೆಗಳಿದ್ದವು. ಸೋಮವಾರದ ಸೀಸೆಯ ತಳದಲ್ಲಿ ಕೂದಲೆಳೆಯಷ್ಟು ಮಣ್ಣು ಕೂತಿತ್ತು. ಬುಧವಾರದ್ದರಲ್ಲಿ ಉಗುರಿನ ದಪ್ಪ, ಗುರುವಾರದ್ದರಲ್ಲಿ ಕಿರುಬೆರಳಿನ ದಪ್ಪ.

ಒಸರುವ ಜಾಗದ ನೇರಕ್ಕೆ, ಏರಿಯ ಮೇಲೆ, ಒಂದು ನೀಲಗಿರಿ ಬೊಡ್ಡೆ ಇತ್ತು. ಸಪ್ಪಲಮ್ಮ ಅದರ ಪಕ್ಕಕ್ಕೆ ಕಬ್ಬಿಣದ ಸಲಾಕೆ ಇಟ್ಟು ಒತ್ತಿದಳು. ಸಲಾಕೆ ಒಂದು ಮೊಳ ತಾನಾಗಿಯೇ ಇಳಿಯಿತು.

ಏರಿಯ ಮೇಲೆ ಅಂಥ ಇಪ್ಪತ್ತೇಳು ಬೊಡ್ಡೆಗಳಿದ್ದವು. ನೀಲಗಿರಿ ಇಲ್ಲಿನ ಮರವಲ್ಲ, ಅದರಲ್ಲಿ ಹಕ್ಕಿ ಗೂಡು ಕಟ್ಟುವುದಿಲ್ಲ ಎಂದು ಮೂರು ವರ್ಷದ ಹಿಂದೆ ಬಳಗದವರು ಅವನ್ನೆಲ್ಲ ಕಡಿಸಿದ್ದರು. ಕಡಿದರೆ ನೀಲಗಿರಿ ಸಾಯುವುದಿಲ್ಲ, ಚಿಗುರುತ್ತದೆ. ಆ ಚಿಗುರನ್ನು ಮುರಿಯುವುದೇ ಪ್ರತಿ ತಂಡಕ್ಕೂ ಮೊದಲ ವಾರದ ಪಾಠ. ಎಲ್ಲಿ ಹಿಡಿದು ಎಳೆದರೆ ಬುಡಸಮೇತ ಕಿತ್ತು ಬರುತ್ತದೆ ಎಂದು ತೋರಿಸಿಕೊಡುತ್ತಿದ್ದವಳು ಸಪ್ಪಲಮ್ಮ. ಬೊಡ್ಡೆಗಳು ಸತ್ತವು. ಒಳಗೆ ಬೇರು ಕೊಳೆತು, ಬೇರಿದ್ದ ಕಡೆ ಕೊಳವೆಗಳು ಉಳಿದವು.

“ಏರಿ ಮೇಲೆ ಮರ ಬೆಳೆಯೋಕೆ ಬಿಡ್ಬೇಡ, ಬೆಳೆದ್ಬಿಟ್ರೆ ಕಡೀಬೇಡ ಅಂತಿದ್ದ ನಮ್ಮಾವ,” ಎಂದಳು.

“ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ ಆಂಟಿ?”

ಸಪ್ಪಲಮ್ಮ ಸಲಾಕೆಯ ತುದಿಯ ಮಣ್ಣನ್ನು ಬೆರಳಿನಿಂದ ಒರೆಸಿದಳು. “ಕೆಲ್ಸಕ್ಕೆ ಕರೆದು ಎಲ್ಡು ವರ್ಷ ಆಗಿತ್ತು. ಓದಿರೋರು ಹೇಳ್ತಾವ್ರೆ, ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ. ಸೌದೆ ಬೇರೆ ಕೊಟ್ರು. ಒಂದು ವರ್ಷ ಆ ಸೌದೇಲೇ ನೀರು ಕಾಯಿಸ್ಕೊಂಡೆ.”

ಶುಕ್ರವಾರ ಇಬ್ಬರೂ ಸೀಸೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಳಗದ ಉಸ್ತುವಾರಿ ನಚಿಕೇತನ ಬಳಿ ಹೋದರು. ಅವನು ಕೆಟ್ಟವನಲ್ಲ, ಕೊಳಚೆಯಾಗಿದ್ದ ಕೆರೆಗೆ ಹಕ್ಕಿ ಬರುವಂತೆ ಮಾಡಿದವನು. ಐದು ವರ್ಷದಲ್ಲಿ ಮೊದಲ ಸಲ ಕೆರೆ ತುಂಬುತ್ತಿತ್ತು. ಭಾನುವಾರ ಬಾಗಿನ ಬಿಡುವುದೆಂದು ಬಡಾವಣೆಗೆಲ್ಲ ಹೇಳಿ ಆಗಿತ್ತು. ಅವನು ಸೀಸೆಗಳನ್ನು ಒಂದೊಂದಾಗಿ ನೋಡಿದ, ಫೋಟೊ ತೆಗೆದ.

“ಇಂಜಿನಿಯರ್‌ಗೆ ಕಳಿಸ್ತೀನಿ ಸಪ್ಪಲಮ್ಮ. ಸೋಮವಾರ ಬಂದು ನೋಡ್ತಾರೆ.”

“ಅಲ್ಲೀವರ್ಗೂ ಎಲ್ಡಡಿ ನೀರು ಇಳಿಸಿ ಸಾರ್. ತೂಬು ಎತ್ತಿದ್ರೆ ಆಯ್ತು.”

“ಜೊಂಡಲ್ಲಿ ಗುಳುಮುಳುಕ ಹಕ್ಕಿಗಳು ಮೊಟ್ಟೆ ಇಟ್ಟಿವೆ. ನೀರು ಇಳಿದ್ರೆ ಗೂಡು ಕೆಸರಿಗೆ ಬೀಳುತ್ತೆ, ನಾಯಿ ತಿನ್ನುತ್ತೆ. ಮೂರು ದಿನ ತಡೀರಿ, ಪ್ಲೀಸ್.”

ಏರಿಯ ಕೆಳಗೆ, ತೂಬಿನ ಕಾಲುವೆಯ ಎರಡೂ ಬದಿಗೆ, ಹಳೆಯ ಊರಿನ ನಲವತ್ತು ಮನೆಗಳಿದ್ದವು. ಅವುಗಳಲ್ಲಿ ಮೊದಲನೆಯದು ಸಪ್ಪಲಮ್ಮನದು. ಅವಳ ಅಡುಗೆಮನೆಯ ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಏರಿಯ ಹುಲ್ಲು ಮಾತ್ರ. ಆ ಸಂಜೆ ಬನ್ನೇರುಘಟ್ಟದ ದಿಕ್ಕಿನಲ್ಲಿ ಮೋಡ ಕಟ್ಟಿ ಒಂದು ಗಂಟೆ ಸುರಿಯಿತು. ಅಳತೆ ಕಂಬದಲ್ಲಿ ನೀರು ನಾಲ್ಕು ಅಂಗುಲ ಏರಿತು.

ಶನಿವಾರ ಬೆಳಗ್ಗೆ ಸಪ್ಪಲಮ್ಮ ಸೀಸೆ ಹಿಡಿದಳು. ಏನೂ ಬೀಳಲಿಲ್ಲ. ಹಂಚಿನ ಚೂರು ಒಣಗಿತ್ತು.

“ನಿಂತೋಯ್ತಲ್ಲ ಆಂಟಿ,” ವಿಭಾಳ ದನಿಯಲ್ಲಿ ಸಮಾಧಾನವಿತ್ತು.

ಸಪ್ಪಲಮ್ಮ ಏರಿ ಹತ್ತಿದಳು. ಮಳೆ ಬಂದು ನೀರು ಏರಿದ ಮರುದಿನ ಒಸರು ನಿಲ್ಲಬಾರದು. ನಿಂತಿತೆಂದರೆ ಒಳಗೆ ಮಣ್ಣು ಕುಸಿದು ದಾರಿ ಕಟ್ಟಿದೆ, ನೀರು ಬೇರೆ ದಾರಿ ಹುಡುಕುತ್ತಿದೆ. ಅವಳು ಬೊಡ್ಡೆಯ ಮುಂದೆ ಕೂತು ಕೆರೆಯನ್ನು ನೋಡಿದಳು. ದಡದಿಂದ ಮೂರು ಮಾರು ಆಚೆ ಒಂದು ಒಣಗಿದ ಎಲೆ ನಿಂತಲ್ಲೇ ತಿರುಗುತ್ತಿತ್ತು. ಗಾಳಿಯಿರಲಿಲ್ಲ. ಒಂದು ಹಿಡಿ ಹುಲ್ಲು ಕಿತ್ತು ಅತ್ತ ಎಸೆದಳು. ಎಳೆಗಳು ನಿಧಾನಕ್ಕೆ ಸುತ್ತಿದವು, ಹತ್ತಿರ ಹತ್ತಿರ ಬಂದವು, ಒಂದೊಂದಾಗಿ ಮುಳುಗಿದವು.

ವಿಭಾ ಆಗಲೇ ಫೋನ್ ಹಚ್ಚಿದ್ದಳು. ನಚಿಕೇತ ಬಾಗಿನದ ಮೊರ ತರಲು ಗಾಂಧಿಬಜಾರಿಗೆ ಹೋಗಿದ್ದ. “ನಾನು ಬರೋವರ್ಗೂ ತೂಬು ಮುಟ್ಬೇಡಿ. ವಿಭಾ, ಗೂಡುಗಳನ್ನ ನೀನೇ ಎಣಿಸಿದೀಯ.”

“ಹೌದು ಸಾರ್. ಹದಿನಾಲ್ಕು,” ಎಂದು ಅವಳು ಫೋನ್ ಇಟ್ಟಳು. ನೀರಿನ ಮಟ್ಟ ಬರೆಯುವವರ ಬಳಿಯೇ ಇರುತ್ತಿದ್ದ ತೂಬಿನ ಬೀಗದ ಕೈಯನ್ನು ಜೇಬಿನಿಂದ ತೆಗೆದು ಸಪ್ಪಲಮ್ಮನ ಅಂಗೈಯಲ್ಲಿಟ್ಟಳು.

ತೂಬು ಎತ್ತುವ ಚಕ್ರ ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ತಿರುಗಿಸಿದರು. ಏರಿಯ ಕೆಳಗೆ ನೀರು ಮೊರೆಯುತ್ತ ಕಾಲುವೆಗೆ ಬಿತ್ತು. ಆದರೆ ತೂಬು ಸಣ್ಣದು; ಗಂಟೆಗೆ ಎರಡು ಅಂಗುಲ ಇಳಿದರೆ ಹೆಚ್ಚು. ಆಕಾಶ ಮತ್ತೆ ಕಪ್ಪಾಗುತ್ತಿತ್ತು.

“ನೀನು ಕಂಬ ನೋಡ್ತಿರು. ಏರಿ ಮೇಲೆ ನಿಲ್ಬೇಡ, ಕೋಡಿ ಕಡೆ ಗಟ್ಟಿ ಕಲ್ಲಿದೆ, ಅಲ್ಲಿ ನಿಂತ್ಕೋ,” ಎಂದು ಹೇಳಿ ಸಪ್ಪಲಮ್ಮ ಮನೆಗೆ ಇಳಿದಳು.

ಸಿದ್ಧಾರ್ಥ ಬಾಗಿಲಲ್ಲಿ ಆಟೊ ತೊಳೆಯುತ್ತಿದ್ದ. ವಿಷಯ ಕೇಳಿ ಬಟ್ಟೆ ಹಿಂಡುತ್ತ ಹೇಳಿದ: “ಬಾಟ್ಲು ತೋರಿಸಿ ಮನೆ ಬಿಡಿ ಅಂದ್ರೆ ಯಾರಮ್ಮ ಬಿಡ್ತಾರೆ? ನಗ್ತಾರೆ ಅಷ್ಟೆ.”

“ನಾನು ಯಾರಿಗೂ ಏನೂ ಹೇಳಲ್ಲ. ನೀನು ಸಿಲಿಂಡರ್ ಎತ್ಕೋ.”

ಅವಳು ಮದುವೆಯಾಗಿ ಬಂದ ವರ್ಷ ವಾರಗಟ್ಟಲೆ ಮಳೆ ಹಿಡಿದಿತ್ತು. ಆಗ ಲಕ್ಕಯ್ಯ ಒಂದು ಮಾತೂ ಆಡದೆ ತನ್ನ ಮನೆಯ ಸಾಮಾನನ್ನೆಲ್ಲ ತಂದು ದಿಣ್ಣೆಯ ಮೇಲಿಟ್ಟಿದ್ದ. ನೀರುಗಂಟಿ ಮನೆ ಖಾಲಿ ಮಾಡಿದ್ದು ನೋಡಿ ಬೀದಿಯೇ ಖಾಲಿಯಾಗಿತ್ತು. ಏರಿ ನಿಂತಿತು. ಸಾಯುವವರೆಗೂ ಅವನನ್ನು ಕಂಡವರು ಕೇಳುತ್ತಿದ್ದರು: ಏನ್ ಲಕ್ಕಯ್ಯ, ಇವತ್ತು ಪಾತ್ರೆ ಹೊರಗಿಡೋದಾ?

ಅವಳು ಮೊದಲು ಗೋಡೆಯ ಮೇಲಿನ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ಇಳಿಸಿದಳು. ಆಮೇಲೆ ಅಕ್ಕಿ ಡಬ್ಬ, ಒಲೆ, ಹಾಸಿಗೆ. ಸೊಸೆ ಟ್ರಂಕು ಹಿಡಿದಳು. ಸಪ್ಪಲಮ್ಮ ದಿಣ್ಣೆಯ ಮೇಲಿನ ಅಂಬೇಡ್ಕರ್ ಭವನದ ಜಗಲಿಗೆ ಮೂರು ಸಲ ಹತ್ತಿ ಇಳಿದಳು. ಮೂರನೇ ಸಲಕ್ಕೆ ಎದುರುಮನೆಯ ಮುನಿಯಕ್ಕ ಬಾಗಿಲಿಗೆ ಬಂದಳು.

“ಏನಕ್ಕ, ಒಲೆ ಸಮೇತ ಹೊರಟ್ಯಲ್ಲ. ಸೊಸೆ ಓಡಿಸಿಬಿಟ್ಲಾ?”

“ಹೂಂ. ಅವ್ಳೂ ಬರ್ತಾವ್ಳೆ ಜೊತೇಗೆ.”

ಮುನಿಯಕ್ಕ ನಕ್ಕಳು. ಸಪ್ಪಲಮ್ಮ ನಗಲಿಲ್ಲ. ಮುನಿಯಕ್ಕ ಸ್ವಲ್ಪ ಹೊತ್ತು ಅವಳ ಕೈಯಲ್ಲಿದ್ದ ಖಾಲಿ ಸೀಸೆಯನ್ನು ನೋಡಿದಳು. ಒಳಗೆ ಹೋಗಿ ಮಗನನ್ನು ಕೂಗಿದಳು. ಎರಡು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಮಂಚ, ಟಿ.ವಿ., ಕೋಳಿ ಪಂಜರ ದಿಣ್ಣೆ ಹತ್ತುತ್ತಿದ್ದವು. ಬೈಯುತ್ತಲೇ ಹತ್ತಿದವರು ಬಹಳ ಮಂದಿ.

ನಚಿಕೇತ ಅಷ್ಟರಲ್ಲಿ ಬಂದಿದ್ದ. ಸಿಟ್ಟಿನಲ್ಲೇ ತೂಬಿನ ಚಕ್ರದ ಬಳಿ ಹೋದ. ವಿಭಾ ಅವನಿಗೆ ಸುಳಿ ತೋರಿಸಿದಳು. ಬೆಳಗ್ಗೆ ಒಂದು ಎಲೆ ತಿರುಗುತ್ತಿದ್ದ ಜಾಗ ಈಗ ತಟ್ಟೆಯಗಲವಾಗಿತ್ತು. ಅವನು ಚಕ್ರ ಮುಟ್ಟಲಿಲ್ಲ. ಫೋನ್ ತೆಗೆದು ಒಬ್ಬರಾದ ಮೇಲೆ ಒಬ್ಬರಿಗೆ ಹಚ್ಚತೊಡಗಿದ.

ನಾಲ್ಕಕ್ಕೆ ಮಳೆ ಶುರುವಾಯಿತು. ಅಲ್ಲಿಯವರೆಗೆ ಒಂದಡಿಗಿಂತ ಸ್ವಲ್ಪ ಹೆಚ್ಚು ಇಳಿದಿದ್ದ ನೀರು ಇಳಿಯುವುದನ್ನು ನಿಲ್ಲಿಸಿತು. ಭವನದ ಜಗಲಿಯಲ್ಲಿ ಯಾರೋ, “ಮಾವನಂಗೇ ಸೊಸೆ,” ಅಂದರು. ನಾಲ್ಕಾರು ಜನ ನಕ್ಕರು. ಐದಕ್ಕೆ ಹತ್ತು ನಿಮಿಷವಿರುವಾಗ ಆ ಬೊಡ್ಡೆ ಓಲಾಡಿತು, ನೆಟ್ಟಗೆ ಕೆಳಕ್ಕೆ ಇಳಿಯಿತು. ಅದರ ಜೊತೆ ಬಸ್ಸಿನುದ್ದದ ಏರಿಯೂ ಇಳಿಯಿತು. ಸದ್ದು ಆಮೇಲೆ ಬಂತು. ಕೆಂಪು ನೀರು ಸಪ್ಪಲಮ್ಮನ ಅಡುಗೆಮನೆಯ ಕಿಟಕಿಯಿಂದ ನುಗ್ಗಿ ಬೀದಿಬಾಗಿಲಿನಿಂದ ಹೊರಬಂತು. ಹಿಂಬದಿಯ ಗೋಡೆ ನಿಲ್ಲಲಿಲ್ಲ. ಬೀದಿಯ ಕೊನೆಯ ಮನೆಯಲ್ಲೂ ನೀರು ಎದೆಮಟ್ಟ ನಿಂತಿತು. ಮನೆಗಳಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬಾಗಿನ ನಡೆಯಲಿಲ್ಲ. ಮೊರಗಳು ಶೆಡ್ಡಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಒಡೆದ ಜಾಗಕ್ಕೆ ಮರಳಿನ ಮೂಟೆ ಜೋಡಿಸುತ್ತಿದ್ದರು. ಹದಿನಾಲ್ಕು ಗೂಡುಗಳು ಕೆಸರಿನಲ್ಲಿ ಬಿದ್ದಿದ್ದವು, ನಾಯಿಗಳು ಆಗಲೇ ಬಂದುಹೋಗಿದ್ದವು. ಒಡಕಿನ ಮಟ್ಟಕ್ಕಿಂತ ಕೆಳಗಿದ್ದ ನೀರು ಹಾಗೇ ಉಳಿದಿತ್ತು; ಅರ್ಧ ಕೆರೆ. ರಾಜಕಾಲುವೆಯಿಂದ ಇನ್ನೂ ಮಳೆನೀರು ಬರುತ್ತಲೇ ಇತ್ತು.

ವಿಭಾ ಶೆಡ್ಡಿನಿಂದ ಖಾಲಿ ಸೀಸೆ ತಂದಳು. ಸಪ್ಪಲಮ್ಮ ಏರಿಯ ಬುಡದಲ್ಲಿ ಬರಿಗಾಲಲ್ಲಿ, ಒಂದೊಂದು ಬೊಡ್ಡೆಯ ನೇರಕ್ಕೂ ನಿಂತು, ಹುಲ್ಲನ್ನು ಅಂಗಾಲಿನಿಂದ ಒತ್ತಿ ನೋಡುತ್ತ ನಡೆದಳು. ಇಪ್ಪತ್ತಾರು ಉಳಿದಿದ್ದವು. ಹನ್ನೊಂದನೆಯದರ ನೇರಕ್ಕೆ ಅಂಗಾಲಿನಡಿ ನೀರು ಜಿನುಗಿತು. ಅಲ್ಲೇ ನಿಂತಳು.

“ಏನಾಯ್ತು ಆಂಟಿ?”

ಸಪ್ಪಲಮ್ಮ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು. “ಸೀಸೆ ಕೊಡು.”